ಹೆಪಟೈಟಿಸ್ ಸಿ: ಗುಣವಾಗುವ ಕಾಯಿಲೆಗೆ ಕೊಡಗಿನಲ್ಲಿ ಅಡ್ಡಿ ಏನು?

ಗಡಿಯಾಚೆಯಿಂದ ಕೊಡಗಿಗೆ ಎರಡು ಬಗೆಯ ಸುದ್ದಿ ಬರುತ್ತಿದೆ. ಒಂದು ಕಾಮಾಲೆಯದು. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೆಂಗೂರಿನಲ್ಲಿ, ಮಲಪ್ಪುರಂ ಜಿಲ್ಲೆಯ ಕೆಲವು ಪಂಚಾಯಿತಿಗಳಲ್ಲಿ ಹೆಪಟೈಟಿಸ್ ಎ ಹಬ್ಬಿತು. ನೂರಾರು ಜನ ಹಾಸಿಗೆ ಹಿಡಿದರು, ಸಾವೂ ಆಯಿತು. ಇನ್ನೊಂದು ಸೂಜಿಯದು. 2025ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ ಹತ್ತು ಮಂದಿಗೆ ಎಚ್‌ಐವಿ ಇರುವುದು ಪತ್ತೆಯಾಯಿತು. ಒಂದೇ ಸಿರಿಂಜನ್ನು ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಂಡಿದ್ದು ಕಾರಣ ಎಂದು ಆರೋಗ್ಯ ಅಧಿಕಾರಿಗಳು ಹೇಳಿದರು. ಹತ್ತರಲ್ಲಿ ಮೂವರು ಹೊರರಾಜ್ಯದ ಕಾರ್ಮಿಕರು.

ಕುಟ್ಟ, ಮಾಕುಟ್ಟ, ಕರಿಕೆ ದಾಟಿದರೆ ಕೇರಳ. ಓದಲು, ದುಡಿಯಲು, ಮದುವೆಗೆ, ಆಸ್ಪತ್ರೆಗೆ ಜನ ಆಚೆ ಈಚೆ ಓಡಾಡುತ್ತಲೇ ಇರುತ್ತಾರೆ. ಸುದ್ದಿಯೂ ಅವರ ಜೊತೆ ದಾಟುತ್ತದೆ. ದಾಟುವಾಗ ಎರಡೂ ಒಂದರೊಳಗೊಂದು ಸೇರಿ ಗೋಜಲಾಗುತ್ತವೆ. ಕಾಮಾಲೆ ಸೂಜಿಯಿಂದ ಬರುತ್ತದಾ? ಗಾಂಜಾ ಸೇದಿದರೂ ಬರುತ್ತದಾ? ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯವರ ಜೊತೆ ಒಂದೇ ಲೋಟದಲ್ಲಿ ಕಾಫಿ ಕುಡಿದರೆ?

ಈ ಪ್ರಶ್ನೆಗಳಿಗೆ ಉತ್ತರ ಕಷ್ಟವಿಲ್ಲ. ಕಷ್ಟದ ಪ್ರಶ್ನೆ ಬೇರೆಯೇ ಇದೆ. ಎಚ್‌ಐವಿ ದಾಟಿದ ಸೂಜಿಯಲ್ಲಿ ಅದಕ್ಕಿಂತ ಸುಲಭವಾಗಿ ದಾಟುವ ಇನ್ನೊಂದು ವೈರಸ್ ಇದೆ, ಹೆಪಟೈಟಿಸ್ ಸಿ. ಅದು ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. ಮಾತ್ರೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ. ಹಾಗಿದ್ದೂ ಅದು ಯಾಕೆ ಹರಡುತ್ತಲೇ ಇದೆ?

ಐದು ವೈರಸ್, ಎರಡು ದಾರಿ

ಹೆಪಟೈಟಿಸ್ ಅಂದರೆ ಲಿವರಿನ ಉರಿಯೂತ. ಅದನ್ನು ತರುವ ಮುಖ್ಯ ವೈರಸ್‌ಗಳು ಐದು: ಎ, ಬಿ, ಸಿ, ಡಿ, ಇ. ಎ ಮತ್ತು ಇ ಬರುವುದು ಕೊಳಕಾದ ನೀರು, ಆಹಾರದಿಂದ. ವೆಂಗೂರಿನಲ್ಲಿ ಆಗಿದ್ದು ಇದೇ. ಕುದಿಸಿದ ನೀರು, ಬಾವಿಗೆ ಕ್ಲೋರಿನ್, ಶುದ್ಧ ಶೌಚಾಲಯ ಇದ್ದರೆ ಇವು ನಿಲ್ಲುತ್ತವೆ.

ಬಿ, ಸಿ, ಡಿ ಹರಡುವುದು ಮುಖ್ಯವಾಗಿ ರಕ್ತದಿಂದ. ಬಿ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಸಿ ಹಾಗೆ ದಾಟುವುದು ಕಡಿಮೆ. ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರುವ ದಾರಿ ಅದಕ್ಕೆ ಬೇಕು. ಡಿ ಒಂಟಿಯಾಗಿ ಬರುವುದಿಲ್ಲ, ಬಿ ಇದ್ದವರಿಗಷ್ಟೇ ಅಂಟುತ್ತದೆ.

ಲೋಟ, ತಟ್ಟೆ, ಕೆಮ್ಮು, ಕೈ ಕುಲುಕುವುದು, ಒಂದೇ ಕೋಣೆಯಲ್ಲಿ ಮಲಗುವುದು, ಇದ್ಯಾವುದರಿಂದಲೂ ಬಿ ಆಗಲಿ ಸಿ ಆಗಲಿ ಬರುವುದಿಲ್ಲ. ಒಂದೇ ಬ್ಲೇಡಿನಲ್ಲಿ ಇಬ್ಬರು ಗಡ್ಡ ಹೆರೆದುಕೊಂಡರೆ ಬರಬಹುದು. ಸೂಜಿ ಬದಲಿಸದೆ ಹಚ್ಚೆ ಹಾಕುವವರಿಂದಲೂ ಬರಬಹುದು.

ಬಿ ವೈರಸ್‌ಗೆ ಲಸಿಕೆ ಇದೆ. 2011ರ ಹೊತ್ತಿಗೆ ಅದು ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಬಂತು. ಅಂದರೆ ಈಗ ಇಪ್ಪತ್ತು ದಾಟಿದ ಅನೇಕರಿಗೆ ಚಿಕ್ಕಂದಿನಲ್ಲಿ ಅದು ಸಿಕ್ಕಿರಲಿಕ್ಕಿಲ್ಲ. ಸಿ ವೈರಸ್‌ಗೆ ಲಸಿಕೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ಭಾರತದಲ್ಲಿ ಬಿ ಇರುವವರು ಸುಮಾರು 2.98 ಕೋಟಿ, ಸಿ ಇರುವವರು ಸುಮಾರು 55 ಲಕ್ಷ.

ನೆಲನೆಲ್ಲಿಗೆ ಸಿಕ್ಕ ಹೆಸರು

ಕಾಮಾಲೆ ಅಂದಕೂಡಲೇ ನಮ್ಮ ಕಡೆ ನಾಟಿ ಮದ್ದಿನ ನೆನಪಾಗುತ್ತದೆ. ನೆಲನೆಲ್ಲಿ ಅರೆದು ಕುಡಿಸುವವರು ಇದ್ದಾರೆ, ಕೈಗೆ ಬರೆ ಹಾಕುವವರೂ ಇದ್ದಾರೆ. ಇವರಿಗೆ ಹೆಸರು ಬಂದಿದ್ದು ಸುಮ್ನೆ ಅಲ್ಲ. ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. (ಗರ್ಭಿಣಿಯರಿಗೆ ಇ ತುಂಬ ಅಪಾಯ, ಅವರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.) ಮದ್ದು ಕುಡಿದವರೂ ವಾಸಿಯಾಗುತ್ತಾರೆ, ಕುಡಿಯದವರೂ ವಾಸಿಯಾಗುತ್ತಾರೆ. ಕೀರ್ತಿ ಮಾತ್ರ ಮದ್ದು ಕೊಟ್ಟವರಿಗೆ.

ಸಿ ಹಾಗಲ್ಲ. ಅದು ತಗುಲಿದಾಗ ಹೆಚ್ಚಿನವರಿಗೆ ಕಣ್ಣು ಹಳದಿಯಾಗುವುದಿಲ್ಲ. ಸ್ವಲ್ಪ ಸುಸ್ತು, ಊಟ ಸೇರದಿರುವುದು. ಅದೂ ಎಲ್ಲರಿಗೂ ಇರುವುದಿಲ್ಲ. ತಗುಲಿದ ನೂರು ಜನರಲ್ಲಿ 15ರಿಂದ 45 ಮಂದಿಯ ದೇಹ ಆರು ತಿಂಗಳೊಳಗೆ ತಾನೇ ವೈರಸನ್ನು ಹೊರಹಾಕುತ್ತದೆ. ಉಳಿದವರಲ್ಲಿ ಅದು ಮನೆ ಮಾಡಿಕೊಂಡುಬಿಡುತ್ತದೆ. ಹೀಗೆ ಉಳಿದುಕೊಂಡವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷದೊಳಗೆ ಲಿವರ್ ಗಟ್ಟಿಯಾಗುವ ಸಿರೋಸಿಸ್ ಬರುತ್ತದೆ. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಲಿವರ್ ಕ್ಯಾನ್ಸರ್. ಇಪ್ಪತ್ತರ ವಯಸ್ಸಿನಲ್ಲಿ ತಗುಲಿದ್ದು ನಲವತ್ತರ ಆಸುಪಾಸಿನಲ್ಲಿ ತಲೆ ಎತ್ತುತ್ತದೆ.

ಕುಡಿತ ಇದ್ದರೆ ಈ ಓಟ ಇನ್ನೂ ಜೋರು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಹಬ್ಬ, ಮದುವೆ, ನೆಂಟರ ಊಟ ಎಲ್ಲದರಲ್ಲೂ ಮದ್ಯಕ್ಕೆ ಜಾಗವಿರುವ ನಾಡು ಇದು. ತೋಟದ ಕೆಲಸದವರಲ್ಲೂ ಕುಡಿತ ಇದೆ. ನಡು ವಯಸ್ಸಿನ ಒಬ್ಬರ ಲಿವರ್ ಕೆಟ್ಟರೆ ಊರು ಕಾರಣ ಹುಡುಕಲು ಹೋಗುವುದಿಲ್ಲ, ಕುಡಿದು ಹಾಳಾದ ಅನ್ನುತ್ತದೆ. ಅದು ನಿಜವೂ ಇರಬಹುದು. ಆದರೆ ಕುಡಿತದ ಹಿಂದೆ ಸಿ ಇತ್ತಾ ಎಂದು ಯಾರೂ ರಕ್ತ ಪರೀಕ್ಷೆ ಮಾಡಿಸದಿದ್ದರೆ ಎರಡನೇ ಕಾರಣ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಕಾಯಿಲೆಗೆ ಔಷಧವೂ ಕೇಳಿ ಬರುವುದಿಲ್ಲ, ಸಿಬ್ಬಂದಿಯೂ ಬರುವುದಿಲ್ಲ.

ಸಿರಿಂಜಿನೊಳಗೆ ಏನು ಉಳಿಯುತ್ತದೆ

ಸೂಜಿ ನರಕ್ಕೆ (ರಕ್ತನಾಳಕ್ಕೆ) ಹೋಗಿದೆಯಾ ಎಂದು ನೋಡಲು ಚುಚ್ಚುವವರು ಸ್ವಲ್ಪ ರಕ್ತವನ್ನು ಹಿಂದಕ್ಕೆ ಎಳೆಯುತ್ತಾರೆ. ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನ ಒಳಗೆ, ಸೂಜಿಯ ಬುಡದಲ್ಲಿ ಉಳಿದುಬಿಡುತ್ತದೆ. ಸಿ ವೈರಸ್‌ಗೆ ಅಷ್ಟು ಸಾಕು. ಪ್ರಯೋಗಾಲಯದ ಒಂದು ಪರೀಕ್ಷೆಯಲ್ಲಿ ಅದು ಸಿರಿಂಜಿನೊಳಗೆ 63 ದಿನಗಳವರೆಗೂ ಜೀವಂತ ಇದ್ದದ್ದು ಕಂಡಿದೆ. ಅಂದರೆ ಹೋದ ತಿಂಗಳು ಬಚ್ಚಿಟ್ಟ ಸಿರಿಂಜ್ ಈ ತಿಂಗಳು ಸುರಕ್ಷಿತ ಅಲ್ಲ. ನೀರಿನಲ್ಲಿ ತೊಳೆದರೆ ಹೋಗುತ್ತದೆ ಎಂಬ ನಂಬಿಕೆಯೂ ಸುಳ್ಳು.

ಸೂಜಿ ಮಾತ್ರ ಬೇರೆ ಬೇರೆ ಇದ್ದರೂ ಸಾಲದು. ಮಾತ್ರೆ ಕರಗಿಸುವ ಚಮಚ, ಸೋಸುವ ಹತ್ತಿ, ಕಲಸುವ ನೀರು ಒಂದೇ ಆಗಿದ್ದರೆ ಅದರ ಮೂಲಕವೂ ದಾಟುತ್ತದೆ. ಎಚ್‌ಐವಿ ಇಷ್ಟು ಗಟ್ಟಿ ವೈರಸ್ ಅಲ್ಲ. ಆದ್ದರಿಂದ ಸೂಜಿ ಹಂಚಿಕೊಳ್ಳುವ ಗುಂಪಿನಲ್ಲಿ ಸಾಮಾನ್ಯವಾಗಿ ಮೊದಲು ಹಬ್ಬುವುದು ಸಿ. ಜಗತ್ತಿನಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯ ರಕ್ತದಲ್ಲಿ ಸಿ ತಗುಲಿದ ಗುರುತು ಇದೆ. ಎಚ್‌ಐವಿ ಇರುವವರ ಪಾಲು ಅದಕ್ಕಿಂತ ತುಂಬ ಕಡಿಮೆ. ವಳಾಂಚೇರಿಯಂಥ ಸುದ್ದಿಯನ್ನು ಓದಬೇಕಾದದ್ದು ಹೀಗೆ. ಎಚ್‌ಐವಿ ಕಾಣಿಸಿಕೊಂಡಿತು ಅಂದರೆ ಸೂಜಿ ಹಂಚಿಕೆ ಅಲ್ಲಿ ಹೊಸದಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿ ಮಾಡಬೇಕು. ಕೊಡಗಿನ ಪೊಲೀಸ್ ಸುದ್ದಿಯಲ್ಲಿ ನಾವು ಹೆಚ್ಚಾಗಿ ಓದುವುದು ಗಾಂಜಾ ಮತ್ತು ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತು. ಗಾಂಜಾ ಸೇದುವುದರಿಂದ ಸಿ ಹರಡುವುದಿಲ್ಲ. ಗಾಂಜಾಕ್ಕೆ ಅದರದೇ ಬೇರೆ ತೊಂದರೆಗಳಿವೆ, ಅದು ಬೇರೆ ಚರ್ಚೆ. ಹೆಪಟೈಟಿಸ್ ಲೆಕ್ಕದಲ್ಲಿ ನೋಡಬೇಕಾದದ್ದು ಏನು ತೆಗೆದುಕೊಂಡರು ಎಂಬುದಕ್ಕಿಂತ ಹೇಗೆ ತೆಗೆದುಕೊಂಡರು ಎಂಬುದನ್ನು. ಚುಚ್ಚಿಕೊಳ್ಳುವುದರಲ್ಲಿ ಹೆಚ್ಚಿನದು ಹೆರಾಯಿನ್, ಅದರದೇ ಕಳಪೆ ರೂಪವಾದ ಬ್ರೌನ್ ಶುಗರ್ ಮತ್ತು ನೋವಿನ ಮಾತ್ರೆಗಳು.

ನೋವಿನ ಮಾತ್ರೆಯ ಕಥೆ ಸ್ವಲ್ಪ ವಿವರಿಸಬೇಕು. ಟ್ರಮಡಾಲ್ ಎಂಬ ಮಾತ್ರೆಯ ದುರ್ಬಳಕೆ ಹೆಚ್ಚಿತೆಂದು 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತು ಕಾಯ್ದೆಯ ಅಡಿಗೆ ತಂದಿತು. ಬೇಡಿಕೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಬಗೆಯ ಟ್ಯಾಪೆಂಟಡಾಲ್ ಕಡೆ ತಿರುಗಿತು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಈ ಮಾತ್ರೆಯ ಕಂತೆಗಳನ್ನು ಕರ್ನಾಟಕದಲ್ಲೂ ಪೊಲೀಸರು ಹಿಡಿದಿದ್ದಾರೆ. ನುಂಗಲೆಂದು ಮಾಡಿದ ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಂಡರೆ ಅದರಲ್ಲಿರುವ ಅಂಟು, ಪುಡಿ ಎಲ್ಲ ನರಕ್ಕೆ ಹೋಗುತ್ತದೆ. ಕೈಕಾಲಿನಲ್ಲಿ ಕೀವು ತುಂಬುತ್ತದೆ, ನರ ಮುಚ್ಚಿಹೋಗುತ್ತದೆ. ಗಾಯ ಕಂಡರೆ ಬೈಸಿಕೊಳ್ಳಬೇಕು ಎಂಬ ಭಯಕ್ಕೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ. ಅಲ್ಲಿಗೆ ರಕ್ತ ಪರೀಕ್ಷೆಯ ಮೊದಲ ಅವಕಾಶವೂ ತಪ್ಪುತ್ತದೆ.

ಹಂಚಿಕೊಳ್ಳುವುದು ಯಾಕೆ?

ಒಂದು ಸಿರಿಂಜಿಗೆ ಹತ್ತಿಪ್ಪತ್ತು ರೂಪಾಯಿಯೂ ಇಲ್ಲ. ಹಾಗಿದ್ದರೆ ಹೊಸದು ಕೊಳ್ಳಬಾರದಾ? ಹೊರಗಿನಿಂದ ನೋಡುವವರಿಗೆ ಇದು ಬರೀ ಬೇಜವಾಬ್ದಾರಿಯಂತೆ ಕಾಣುತ್ತದೆ. ಒಳಗಿನ ಲೆಕ್ಕ ಬೇರೆ.

ಹೆರಾಯಿನ್, ಈ ನೋವಿನ ಮಾತ್ರೆಗಳಂಥ ಅಫೀಮಿನ ಜಾತಿಯ ಚಟಕ್ಕೆ ಬಿದ್ದವರಿಗೆ ಮಾಲು ತಪ್ಪಿದ ಕೆಲವು ಗಂಟೆಗಳಲ್ಲೇ ಮೈ ಕೈ ನೋವು, ಮೂಗು ಸೋರುವುದು, ಭೇದಿ, ನಡುಕ, ನಿದ್ದೆಗೇಡು ಶುರುವಾಗುತ್ತದೆ. ಆ ಹೊತ್ತಿನಲ್ಲಿ ಅಂಗಡಿ ತೆರೆಯುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ. ದುಡ್ಡು ಸೇರಿಸಿ ತಂದ ಮಾಲು ಒಂದೇ, ಹಾಗಾಗಿ ಒಂದೇ ಚಮಚ, ಒಂದೇ ಸಿರಿಂಜ್.

ಅದರ ಮೇಲೆ ಊರಿನ ಗಾತ್ರ. ಬೆಂಗಳೂರಿನಲ್ಲಿ ಸಿರಿಂಜ್ ಕೇಳಿದರೆ ಅಂಗಡಿಯವನು ಮುಖ ನೋಡುವುದಿಲ್ಲ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆಯೇ ಸುಮಾರು ಐದೂವರೆ ಲಕ್ಷ. ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಮೆಡಿಕಲ್ ಶಾಪ್‌ನವರಿಗೆ ಗಿರಾಕಿಯ ಅಪ್ಪ ಯಾರು, ಮನೆತನ ಯಾವುದು ಎಲ್ಲ ಗೊತ್ತಿರುತ್ತದೆ. ಸಕ್ಕರೆ ಕಾಯಿಲೆ ಇಲ್ಲದ ಮನೆಯ ಹುಡುಗ ಇನ್ಸುಲಿನ್ ಸಿರಿಂಜ್ ಕೇಳಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಅಂಗಡಿಯವರಿಗೂ ಹೆದರಿಕೆ, ತಮ್ಮ ಮೇಲೆ ಕೇಸು ಬಂದರೆ? ಕೊಡದೇ ಇರುವುದೇ ಸುರಕ್ಷಿತ ಅನ್ನಿಸುತ್ತದೆ. ಅಂಗಡಿಯಲ್ಲಿ ಸಿರಿಂಜ್ ಸಿಗದಿದ್ದರೆ ಚಟ ನಿಲ್ಲುವುದಿಲ್ಲ. ಇರುವ ಒಂದು ಸಿರಿಂಜಿಗೆ ಜನ ಜಾಸ್ತಿಯಾಗುತ್ತಾರೆ ಅಷ್ಟೇ.

ವೈರಸ್ ಚಾರಿತ್ರ್ಯ ನೋಡುವುದಿಲ್ಲ

ಈ ಕಾಯಿಲೆಯನ್ನು ಕೆಟ್ಟ ನಡತೆಯ ಫಲ ಎಂದು ನೋಡುವವರು ಈಜಿಪ್ಟಿನ ಕಥೆ ಕೇಳಬೇಕು. ಅಲ್ಲಿ 1950ರ ದಶಕದಿಂದ 80ರ ದಶಕದವರೆಗೆ ನೀರಿನಿಂದ ಬರುವ ಒಂದು ಹುಳದ ಕಾಯಿಲೆಗೆ ಸರ್ಕಾರವೇ ಊರೂರಿನಲ್ಲಿ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜ್‌ಗಳನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಮತ್ತೆ ಬಳಸಲಾಯಿತು. ಸಿ ವೈರಸ್ ಯಾವುದೆಂದು ಪತ್ತೆಯಾಗಿದ್ದೇ 1989ರಲ್ಲಿ. ಅಷ್ಟರಲ್ಲಿ ಈಜಿಪ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಸಿ ಇರುವ ದೇಶಗಳಲ್ಲಿ ಒಂದಾಗಿತ್ತು. ಅಲ್ಲಿ ಸೂಜಿ ಹಿಡಿದಿದ್ದವರು ಆರೋಗ್ಯ ಸಿಬ್ಬಂದಿ. ನಮ್ಮಲ್ಲೂ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜ್‌ಗಳನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು.

ಅದೇ ಈಜಿಪ್ಟ್ 2018ರಲ್ಲಿ ಶುರು ಮಾಡಿ ಒಂದು ವರ್ಷದೊಳಗೆ ಸುಮಾರು ಐದು ಕೋಟಿ ಜನರ ರಕ್ತ ಪರೀಕ್ಷೆ ಮಾಡಿತು, ಇದ್ದವರಿಗೆ ಉಚಿತ ಮಾತ್ರೆ ಕೊಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಸಿ ನಿರ್ಮೂಲನೆಯ ಹಾದಿಯಲ್ಲಿ ಚಿನ್ನದ ದರ್ಜೆ ಪಡೆಯಿತು. ಯಾರಿಂದ ಬಂತು ಎಂದು ಕೆದಕುತ್ತ ಕೂತಿದ್ದರೆ ಇದು ಆಗುತ್ತಿರಲಿಲ್ಲ.

84 ಸಾವಿರ ಡಾಲರ್‌ನಿಂದ ಉಚಿತದವರೆಗೆ

2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಎಂಬ ಮಾತ್ರೆಗೆ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಇದ್ದ ಇಂಟರ್‌ಫೆರಾನ್ ಇಂಜೆಕ್ಷನ್ ತಿಂಗಳುಗಟ್ಟಲೆ ಹಿಂಸೆ. ಜ್ವರ, ಖಿನ್ನತೆ ಎಲ್ಲ ಬರುತ್ತಿತ್ತು, ಗುಣವಾಗುವ ಖಾತ್ರಿಯೂ ಇರಲಿಲ್ಲ. ಹೊಸ ಮಾತ್ರೆ ಚೆನ್ನಾಗಿತ್ತು, ಬೆಲೆ ಮಾತ್ರ ಕೇಳಬೇಡಿ. ಒಂದು ಮಾತ್ರೆಗೆ ಸಾವಿರ ಡಾಲರ್, 12 ವಾರಕ್ಕೆ 84 ಸಾವಿರ ಡಾಲರ್. 2014ರಲ್ಲಿ ಭಾರತದ ಕೆಲವು ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಸಿಕ್ಕ ಮೇಲೆ ಬೆಲೆ ಕುಸಿಯಿತು.

2016ರಲ್ಲಿ ಪಂಜಾಬ್ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲೇ ಉಚಿತ ಚಿಕಿತ್ಸೆ ಶುರು ಮಾಡಿತು. ದೊಡ್ಡ ಊರಿನ ತಜ್ಞರೇ ಬೇಕಿಲ್ಲ, ತರಬೇತಿ ಪಡೆದ ಜಿಲ್ಲಾ ವೈದ್ಯರು ಸಾಕು ಎಂದು ಅದು ತೋರಿಸಿತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಇಡೀ ದೇಶಕ್ಕೆ ಬಂತು. 2030ರೊಳಗೆ ಸಿ ನಿರ್ಮೂಲನೆ ಅದರ ಗುರಿ. ಪರೀಕ್ಷೆ, ಔಷಧ ಎರಡೂ ಉಚಿತ.

ಚಿಕಿತ್ಸೆ ಸರಳ. ಸಿರೋಸಿಸ್ ಇಲ್ಲದವರಿಗೆ ಸೋಫೋಸ್‌ಬುವಿರ್ ಜೊತೆ ಡಕ್ಲಾಟಾಸ್ವಿರ್, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದರೆ ಸೋಫೋಸ್‌ಬುವಿರ್ ಜೊತೆ ವೆಲ್ಪಟಾಸ್ವಿರ್. ಲಿವರ್ ತೀರಾ ಕೆಟ್ಟಿದ್ದರೆ ಇನ್ನೊಂದು ಔಷಧ ಸೇರುತ್ತದೆ, ಇಲ್ಲವೇ ಅವಧಿ ಜಾಸ್ತಿಯಾಗುತ್ತದೆ. ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಶುರು ಮಾಡುವ ಮುನ್ನ ಬಿ ಪರೀಕ್ಷೆ ಕಡ್ಡಾಯವಾಗಿ ಮಾಡಿಸಬೇಕು. ಎರಡೂ ಇದ್ದವರಲ್ಲಿ ಸಿ ಇಳಿಯುತ್ತಿದ್ದಂತೆ ಅಡಗಿದ್ದ ಬಿ ಕೆರಳಬಹುದು.

ಪರೀಕ್ಷೆಯ ಕಾಗದ ಇನ್ನೊಂದು ಗೊಂದಲದ ಜಾಗ. ಮೊದಲು ಮಾಡುವುದು ಆ್ಯಂಟಿಬಾಡಿ ಪರೀಕ್ಷೆ. ಅದು ಪಾಸಿಟಿವ್ ಬಂದರೆ ಎಂದಾದರೂ ಸಿ ತಗುಲಿತ್ತು ಎಂದಷ್ಟೇ ಅರ್ಥ. ಈಗ ಇದೆಯಾ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. ದೇಹವೇ ವೈರಸ್ ಓಡಿಸಿದವರಿಗೂ, ಮಾತ್ರೆ ತಿಂದು ಗುಣವಾದವರಿಗೂ ಆ್ಯಂಟಿಬಾಡಿ ಜೀವನಪೂರ್ತಿ ಪಾಸಿಟಿವ್ ಬರಬಹುದು. ಈ ವ್ಯತ್ಯಾಸ ಗೊತ್ತಿಲ್ಲದ ಮಾಲೀಕ ಆ ಕಾಗದ ನೋಡಿ ಗುಣವಾದ ಮನುಷ್ಯನನ್ನೇ ಕೆಲಸದಿಂದ ತೆಗೆಯಬಹುದು. ಹಾಗೆಯೇ ಮೊದಲ ಪರೀಕ್ಷೆ ಮಾಡಿಸಿ ಎರಡನೆಯದಕ್ಕೆ ಬಾರದವರು ಚಿಕಿತ್ಸೆ ತಪ್ಪಿಸಿಕೊಳ್ಳುತ್ತಾರೆ. ಕುಟ್ಟದಿಂದ ಮಡಿಕೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಕ್ಷಯ ಪತ್ತೆಗೆ ಬಳಸುವ ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್ ಯಂತ್ರಗಳಲ್ಲೇ ಸಿ ವೈರಸ್ ಪರೀಕ್ಷೆಯನ್ನೂ ಮಾಡಬಹುದು. ಅಂಥ ಯಂತ್ರ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ರಕ್ತ ಕೊಟ್ಟರೆ ಎರಡು ಓಡಾಟ ತಪ್ಪುತ್ತದೆ.

ಮೊದಲು ಚಟವೋ, ಮೊದಲು ಚಿಕಿತ್ಸೆಯೋ?

ಜಗಳ ಶುರುವಾಗುವುದು ಇಲ್ಲಿ. ಹಲವು ಮನೆಯವರು, ಕೆಲವು ವೈದ್ಯರೂ ಹೇಳುವ ಮಾತು: ಮೊದಲು ಚಟ ಬಿಡಲಿ, ಆಮೇಲೆ ಲಿವರ್ ನೋಡೋಣ. ಚುಚ್ಚಿಕೊಳ್ಳುತ್ತಲೇ ಇದ್ದರೆ ಮತ್ತೆ ತಗುಲುತ್ತದೆ, ಸರ್ಕಾರದ ಔಷಧ ದಂಡ ಎಂಬುದು ಅವರ ತರ್ಕ. ಇದು ತಳ್ಳಿಹಾಕುವ ಮಾತಲ್ಲ. ಗುಣವಾದ ಮೇಲೂ ಮತ್ತೆ ಸೋಂಕು ಬರಬಹುದು, ಒಮ್ಮೆ ಬಂದದ್ದು ರಕ್ಷಣೆ ಕೊಡುವುದಿಲ್ಲ. ಮಾದಕ ವಸ್ತು ಬಳಕೆ ಮುಂದುವರಿಸಿದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಆರು ಮಂದಿಗೆ ಮರುಸೋಂಕು ಆಗುತ್ತದೆ ಎಂದು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ.

ಅದನ್ನೇ ತಿರುಗಿಸಿ ನೋಡಿ. ನೂರಕ್ಕೆ 94 ಮಂದಿ ಆ ವರ್ಷ ಮತ್ತೆ ತಗುಲಿಸಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಅವರಿಂದ ಬೇರೆಯವರಿಗೆ ದಾಟುವುದೂ ನಿಂತಿತು. ಚಟ ಬಿಡುವುದಕ್ಕೆ ವರ್ಷಗಳೇ ಬೇಕಾಗಬಹುದು. ಅಷ್ಟು ಕಾಲ ಕಾದರೆ ಒಬ್ಬನ ಸೋಂಕು ಅವನ ಗುಂಪಿನದೆಲ್ಲ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಸ್ಪಷ್ಟ: ಈಗ ಚುಚ್ಚಿಕೊಳ್ಳುತ್ತಿದ್ದಾರೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸಬಾರದು.

ಇನ್ನೊಂದು ವಾದ ಸೂಜಿ ವಿತರಣೆಯ ಮೇಲೆ. ಹೊಸ ಸಿರಿಂಜ್ ಕೊಟ್ಟರೆ ಚಟಕ್ಕೆ ಸರ್ಕಾರವೇ ಕುಮ್ಮಕ್ಕು ಕೊಟ್ಟಂತಲ್ವಾ ಎಂದು ಊರಿನ ಹಿರಿಯರು ಕೇಳುತ್ತಾರೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಬಹಳ ದೇಶಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸಿರಿಂಜ್ ಕೊಟ್ಟ ಕಡೆ ಬಳಕೆದಾರರ ಸಂಖ್ಯೆ ಏರಿಲ್ಲ. ಬಳಸಿದ್ದನ್ನು ವಾಪಸ್ ತೆಗೆದುಕೊಂಡು ಹೊಸದು ಕೊಡುವುದರಿಂದ ತೋಟದ ಬೇಲಿ, ಬಸ್ ಸ್ಟ್ಯಾಂಡ್ ಹಿಂದೆ ಬಿಸಾಡುವುದೂ ಕಡಿಮೆಯಾಗುತ್ತದೆ.

ಇಲ್ಲಿ ಆರೋಗ್ಯ ಕಾರ್ಯಕರ್ತರ ಕಡೆಗೂ ಒಂದು ಎಚ್ಚರಿಕೆ. ಬರೀ ಸಿರಿಂಜ್ ಹಂಚಿದರೆ ಸಿ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಗಟ್ಟಿ ಪುರಾವೆ ಇರುವುದು ಬದಲಿ ಔಷಧಕ್ಕೆ. ಚುಚ್ಚಿಕೊಳ್ಳುವ ಮಾಲಿನ ಬದಲು ವೈದ್ಯರ ಕಣ್ಣೆದುರು ನಾಲಿಗೆ ಕೆಳಗಿಡುವ ಬ್ಯುಪ್ರಿನಾರ್ಫಿನ್ ಮಾತ್ರೆ, ಇಲ್ಲವೇ ಕುಡಿಯುವ ಮೆಥಡೋನ್. 2017ರ ಒಂದು ದೊಡ್ಡ ವಿಮರ್ಶೆಯ ಪ್ರಕಾರ ಬದಲಿ ಔಷಧ ಒಂದರಿಂದಲೇ ಸಿ ತಗುಲುವ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಸಾಕಷ್ಟು ಸಿರಿಂಜ್ ಸಿಕ್ಕರೆ ಮುಕ್ಕಾಲು ಪಾಲು ಇಳಿಯುತ್ತದೆ. ಆದರೆ ಬದಲಿ ಔಷಧ ಕೆಲಸ ಮಾಡುವುದು ಹೆರಾಯಿನ್, ನೋವಿನ ಮಾತ್ರೆಯಂಥ ಚಟಕ್ಕೆ ಮಾತ್ರ. ಎಂಡಿಎಂಎ ಚುಚ್ಚಿಕೊಳ್ಳುವವರಿಗೆ ಇಂಥ ಬದಲಿ ಇಲ್ಲ. ಅವರಿಗೆ ಉಳಿಯುವುದು ಹೊಸ ಸಿರಿಂಜ್ ಮತ್ತು ಆಪ್ತ ಸಲಹೆ.

ಕಾನೂನು ಎರಡು ಕಡೆ ಎಳೆಯುತ್ತದೆ

1985ರ ಮಾದಕ ವಸ್ತು ಕಾಯ್ದೆಯಲ್ಲಿ ಸೇವನೆಯೂ ಅಪರಾಧ. ಹೆರಾಯಿನ್, ಕೊಕೇನ್‌ನಂಥದ್ದಕ್ಕೆ ಒಂದು ವರ್ಷದವರೆಗೆ, ಬೇರೆಯದಕ್ಕೆ ಆರು ತಿಂಗಳವರೆಗೆ ಜೈಲು. ಅದೇ ಕಾಯ್ದೆಯ 64ಎ ಕಲಂ ಇನ್ನೊಂದು ಮಾತು ಹೇಳುತ್ತದೆ. ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ, ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಇದೆ. ಇದು ಠಾಣೆಯಲ್ಲಿ ಎಷ್ಟು ಜನರಿಗೆ ಗೊತ್ತು, ಮನೆಗಳಲ್ಲಿ ಎಷ್ಟು ಜನರಿಗೆ ಗೊತ್ತು ಎಂಬುದೇ ಪ್ರಶ್ನೆ.

ಸಿರಿಂಜ್ ಕೊಡುವವರಿಗೆ ರಕ್ಷಣೆ 2017ರ ಎಚ್‌ಐವಿ ಕಾಯ್ದೆಯಲ್ಲಿದೆ. ಸರ್ಕಾರದ ಮಾರ್ಗಸೂಚಿಯಂತೆ ಎಚ್‌ಐವಿ ಅಪಾಯ ತಗ್ಗಿಸಲು ಮಾಡುವ ಕೆಲಸ ಅಪರಾಧವಲ್ಲ ಎಂದು ಅದರ 22ನೇ ಕಲಂ ಹೇಳುತ್ತದೆ. ಹೆಪಟೈಟಿಸ್‌ಗೆ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ. ಸಿ ತಡೆಗಟ್ಟುವ ಕೆಲಸವೂ ಎಚ್‌ಐವಿಯ ಕೊಡೆಯಡಿಯಲ್ಲೇ ನಡೆಯಬೇಕು. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ ಎಂಬ ರಕ್ಷಣೆಯೂ ಎಚ್‌ಐವಿಗೆ ಮಾತ್ರ. ಹೆಪಟೈಟಿಸ್ ಪಾಸಿಟಿವ್ ಎಂದು ತೋಟದಿಂದ ಹೊರಹಾಕಿದರೆ ಆ ಕಾರ್ಮಿಕ ಈ ಕಾಯ್ದೆಯನ್ನು ತೋರಿಸಲಾರ.

ಪೊಲೀಸರ ಪಾತ್ರವೇ ಬೇಡ ಎಂದಲ್ಲ. ಮಾಲು ತರುವವರನ್ನು, ಚೀಟಿ ಇಲ್ಲದೆ ಟ್ಯಾಪೆಂಟಡಾಲ್ ಮಾರುವವರನ್ನು ಹಿಡಿಯಲೇಬೇಕು. ಆದರೆ ಜೇಬಿನಲ್ಲಿ ಸಿರಿಂಜ್ ಸಿಕ್ಕಿದ್ದನ್ನೇ ಸಾಕ್ಷಿ ಮಾಡಿಕೊಂಡರೆ ಯಾರೂ ತಮ್ಮ ಸಿರಿಂಜ್ ಇಟ್ಟುಕೊಳ್ಳುವುದಿಲ್ಲ. ಚುಚ್ಚುವ ಜಾಗದಲ್ಲೇ ಒಂದನ್ನು ಬಚ್ಚಿಟ್ಟು ಬರುತ್ತಾರೆ. ಮುಂದಿನವನಿಗೆ ಸಿಗುವುದು ಅದೇ.

ಹೊರಗಿನವರನ್ನೆಲ್ಲ ಪರೀಕ್ಷಿಸಿದರೆ?

ವಳಾಂಚೇರಿಯ ಮೂವರು ಕಾರ್ಮಿಕರ ಸುದ್ದಿ ಓದಿದವರಿಗೆ ಅಸ್ಸಾಂ, ಬಂಗಾಳದಿಂದ ಬರುವವರನ್ನೆಲ್ಲ ಪರೀಕ್ಷಿಸಬೇಕು ಅನ್ನಿಸಬಹುದು. ಅದೇ ಸುದ್ದಿಯಲ್ಲಿ ಉಳಿದ ಏಳು ಮಂದಿ ಸ್ಥಳೀಯರು ಎಂಬುದನ್ನು ಮರೆಯಬಾರದು. ಅಂಕಿ ಓದುವಾಗ ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ತ್ರಿಪುರಾ ಸುದ್ದಿ ಸಾಕ್ಷಿ. 828 ವಿದ್ಯಾರ್ಥಿಗಳಿಗೆ ಎಚ್‌ಐವಿ ಎಂದು ದೇಶವೆಲ್ಲ ಬೆಚ್ಚಿತು. ಅದು 2007ರಿಂದ ಕೂಡಿಸಿದ ಲೆಕ್ಕ ಎಂದು ಆಮೇಲೆ ಅಲ್ಲಿನ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು.

ಬಲವಂತದ ಪರೀಕ್ಷೆಯ ಪರಿಣಾಮ ಊಹಿಸುವುದು ಕಷ್ಟವಲ್ಲ. ಪಾಸಿಟಿವ್ ಬಂದರೆ ಕೆಲಸ ಹೋಗುತ್ತದೆ ಎಂದು ಗೊತ್ತಾದ ದಿನವೇ, ಅನುಮಾನ ಇರುವವರು ಮೇಸ್ತ್ರಿ ಬದಲಿಸಿ ಬೇರೆ ತೋಟಕ್ಕೆ ಹೋಗುತ್ತಾರೆ. ಇಲ್ಲವೇ ವಯನಾಡಿಗೆ, ಹಾಸನಕ್ಕೆ. ಆರೋಗ್ಯ ಇಲಾಖೆಗೆ ಸಿಗುವುದು ಅಪಾಯವಿಲ್ಲದವರ ರಕ್ತ ಮಾತ್ರ. ಇತ್ತ ಹೊರಗಿನವರದೇ ಕಾಯಿಲೆ ಎಂದು ನಂಬಿದ ಸ್ಥಳೀಯ ಹುಡುಗರು ತಮಗೆ ಪರೀಕ್ಷೆ ಬೇಕಿಲ್ಲ ಅಂದುಕೊಳ್ಳುತ್ತಾರೆ. ಎರಡೂ ಕಡೆ ವೈರಸ್‌ಗೇ ಲಾಭ.

ಒಪ್ಪಿಗೆಯಿಂದ ಮಾಡಿಸುವ ಪರೀಕ್ಷೆ ನಿಧಾನ, ಆದರೆ ಕೆಲಸಕ್ಕೆ ಬರುವುದು ಅದೇ. ಬಿಪಿ, ಸಕ್ಕರೆ, ಕ್ಷಯದ ಜೊತೆಗೇ ಹೆಪಟೈಟಿಸ್ ಪರೀಕ್ಷೆಯನ್ನೂ ಸೇರಿಸಿ ತೋಟಗಳಲ್ಲಿ, ಹಾಡಿಗಳಲ್ಲಿ, ಕಾಲೇಜುಗಳಲ್ಲಿ ಶಿಬಿರ ಮಾಡಿದರೆ ಅಲ್ಲಿಗೆ ಹೋದವರಿಗೆ ಹಣೆಪಟ್ಟಿ ಬೀಳುವುದಿಲ್ಲ. ಹೆಪಟೈಟಿಸ್ ಬಿ ಇಲ್ಲವೆಂದು ಬಂದವರಿಗೆ ಅದರ ಲಸಿಕೆಯನ್ನೂ ಶುರು ಮಾಡಬಹುದು. ಚಟದಿಂದ ಹೊರಬರಲು ದಾರಿ ಕೇಳುವವರಿಗೆ 14446 ರಾಷ್ಟ್ರೀಯ ಸಹಾಯವಾಣಿ ಇದೆ, ಮಾನಸಿಕ ತೊಂದರೆಗೆ ಟೆಲಿ ಮಾನಸ್‌ನ 14416 ಇದೆ. ಎರಡಕ್ಕೂ ಹೆಸರು ಹೇಳದೆಯೂ ಕರೆ ಮಾಡಬಹುದು.

ಕೊಯ್ಲಿನ ಲೆಕ್ಕ

ಕೊಡಗಿನಲ್ಲಿ ಕಾಲದ ಲೆಕ್ಕವೂ ಮುಖ್ಯ. ಹೊರರಾಜ್ಯದ ಕಾರ್ಮಿಕರು ಹೆಚ್ಚು ಇರುವುದು ಕಾಫಿ ಕೊಯ್ಲಿನ ಹೊತ್ತಿನಲ್ಲಿ. ಅರೇಬಿಕಾ ಮೊದಲು, ರೋಬಸ್ಟಾ ಆಮೇಲೆ, ಹೆಚ್ಚು ಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಚಿಕಿತ್ಸೆ 84 ದಿನ. ಡಿಸೆಂಬರ್ ಮೊದಲ ವಾರ ಮಾತ್ರೆ ಶುರುವಾದರೆ ಫೆಬ್ರವರಿ ಕೊನೆಗೆ ಮುಗಿಯುತ್ತದೆ, ಕೊಯ್ಲು ಇನ್ನೂ ನಡೆಯುತ್ತಿರುತ್ತದೆ. ಜನವರಿ ಕೊನೆಯಲ್ಲಿ ಶುರುವಾದರೆ ಕಡೆಯ ತಿಂಗಳ ಮಾತ್ರೆಗೆ ಮುನ್ನವೇ ಅವರು ರೈಲು ಹತ್ತಿರಬಹುದು. ಅರ್ಧಕ್ಕೆ ಬಿಟ್ಟರೆ ಗುಣವಾಗುವ ಖಾತ್ರಿ ಇಲ್ಲ. ಆದ್ದರಿಂದ ಶಿಬಿರ ಆಗಬೇಕಾದದ್ದು ನವೆಂಬರ್‌ನಲ್ಲಿ. ಜುಲೈ 28ರ ವಿಶ್ವ ಹೆಪಟೈಟಿಸ್ ದಿನದಂದು ಮಡಿಕೇರಿಯಲ್ಲಿ ಜಡಿಮಳೆ, ಲೈನ್ ಮನೆಗಳಲ್ಲಿ ಜನವೂ ಕಡಿಮೆ.

ಮಾತ್ರೆ ಮುಗಿದರೂ ಕೆಲಸ ಪೂರ್ತಿಯಾಗಿಲ್ಲ. ಗುಣವಾಗಿದೆಯಾ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆ ಮಾತ್ರೆ ನಿಲ್ಲಿಸಿದ 12 ವಾರಕ್ಕೆ, ಅಂದರೆ ಮೇ ಕೊನೆಗೆ. ಅಷ್ಟರಲ್ಲಿ ಬಹಳ ಮಂದಿ ಊರು ಸೇರಿರುತ್ತಾರೆ. ಕಾರ್ಯಕ್ರಮ ಇಡೀ ದೇಶದ್ದಾದ್ದರಿಂದ ಆ ಪರೀಕ್ಷೆ ಅವರ ಊರಿನ ಜಿಲ್ಲಾ ಆಸ್ಪತ್ರೆಯಲ್ಲೂ ಆಗಬಹುದು. ಅದಕ್ಕೆ ಕೊಡಗಿನಿಂದ ಹೊರಡುವಾಗಲೇ ಅವರ ಕೈಗೆ ಒಂದು ಚೀಟಿ ಕೊಡಬೇಕು: ಯಾವ ಮಾತ್ರೆ, ಯಾವ ದಿನ ಶುರು, ಯಾವ ದಿನ ಮುಗಿಯಿತು, ಬಿ ಪರೀಕ್ಷೆ ಏನಾಯಿತು. ಅದು ಅವರ ಕೈಯಲ್ಲಿರಲಿ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಅದರ ನಕಲು ಬೇಡ. ಇಲ್ಲೇ ಉಳಿಯುವವರಲ್ಲಿ, ಚುಚ್ಚಿಕೊಳ್ಳುವುದನ್ನು ಇನ್ನೂ ಬಿಡದವರಿಗೆ ವರ್ಷಕ್ಕೊಮ್ಮೆಯಾದರೂ ಆರ್‌ಎನ್‌ಎ ಪರೀಕ್ಷೆ ಮತ್ತೆ ಆಗಬೇಕು. ಆ್ಯಂಟಿಬಾಡಿ ಪರೀಕ್ಷೆಯಿಂದ ಅವರಿಗೆ ಹೊಸದೇನೂ ತಿಳಿಯುವುದಿಲ್ಲ.